ತಲೆಯ ಮೇಲಿನ ಕೈ

ಮಂಗಳವಾರ, ರಾತ್ರಿ ಒಂಬತ್ತೂ ಕಾಲು. ಒಲ್ಯಾಂವ್ ಊರಿನ
ಮೀನು ಡಬ್ಬಿ ಕಾರ್ಖಾನೆಯ ಹಿಂದಿರುವ ಒಳಾಂಗಣ.
ಮುದುಕ ಮುದುಕಿಯರ ಕುಣಿತದ ತರಗತಿ ಈಗಷ್ಟೇ ಮುಗಿದು
ನೆಲಕ್ಕೆ ಎರಚಿದ ಟಾಲ್ಕಂ ಪುಡಿ ಹಾಗೇ ಉಳಿದಿದೆ.
ಝುಲ್ಮೀರಾ ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ,
ಒರೆಸುತ್ತಲೇ ಶುರು ಮಾಡುತ್ತಾಳೆ:

"ಹೋದ ವಾರ ನಾಲ್ವರೂ ಮುಂದೆ ನುಗ್ಗಿದಿರಿ,
ಅವರ ಉಸಿರು ತಾಗುವಷ್ಟು ಹತ್ತಿರ. ನಾನೇ ಹೇಳಿದ್ದು.
ಅವನು ಚೆಂಡನ್ನು ಪಾದದಡಿ ಒಮ್ಮೆ ಉರುಳಿಸಿ
ಬಾಗಿಲ ಕೆಳಗಿನಿಂದ ಕಾಗದ ತಳ್ಳಿದ ಹಾಗೆ
ನಿಮ್ಮ ಸಂದಿಯಲ್ಲಿ ತಳ್ಳಿಬಿಟ್ಟ. ಅದೂ ಸರಿ. ಆಗುತ್ತದೆ.
ಆಮೇಲೆ, ತೆಲ್ಮೊ, ನಿನ್ನ ಕೈ ಎಲ್ಲಿತ್ತು?"

ತೆಲ್ಮೊ ತನ್ನ ಬೂಟಿನ ಲಾಡಿ ನೋಡುತ್ತಾನೆ.

"ತಲೆಯ ಮೇಲಿತ್ತು. ಎರಡೂ.
ತಲೆ ಮೇಲೆ ಕೈ ಹೊರಲು ಒಂದೂವರೆ ಸೆಕೆಂಡು ಬೇಕು ಮಗನೇ,
ಎಣಿಸಿದ್ದೇನೆ. ಇಳಿಸಲು ಇನ್ನರ್ಧ.
ಅಷ್ಟರಲ್ಲಿ ಅವರು ಮೂವರು, ನಮ್ಮವನು ಒಬ್ಬ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು
ದಡ್ಡರ ಕೆಲಸವಂತೆ. ಇಲ್ಲಿ ಅದನ್ನೇ ಕಲಿಸುತ್ತಾರೆ.

ಖಾಲಿ ಸಾರ್ಡೀನ್ ಡಬ್ಬಿಗಳನ್ನು ಸಾಲಾಗಿ ಇಡುತ್ತಾಳೆ.
"ಇದು ಚೆಂಡಿನ ಗೆರೆ. ಯಾರೂ ಎಳೆದದ್ದಲ್ಲ,
ಚೆಂಡು ಸರಿದಂತೆ ತಾನೂ ಸರಿಯುತ್ತದೆ. ಮೊದಲು ಇದರ ಹಿಂದೆ ಬನ್ನಿ.
ಚೆಂಡಿನ ಬೆನ್ನು ಹತ್ತಬೇಡಿ, ಅದಕ್ಕೆ ಏದುಸಿರು ಬರುವುದಿಲ್ಲ.
ಓರೆಯಾಗಿ ಓಡಿ, ನಡುವಿಗೆ, ನಮ್ಮ ಗೋಲಿನ ಕಡೆಗೆ.
ಒಬ್ಬ ಎರಡನೇ ಕಂಬಕ್ಕೆ. ಎಲ್ಲರೂ ಈ ಕಡೆ ನೋಡುತ್ತಿರುವಾಗ
ಗೋಲು ಬೀಳುವುದು ಆ ಕಡೆ.
ಐರೆಸ್, ಕೊನೆಗೆ ಉಳಿದವನು ನೀನು, ಕಾಲು ಹಾಕಬೇಡ.
ಹಿಂದೆ ಸರಿ. ಬಾಗಿಲಿಗೆ ಬಂದವನಿಗೆ
ನಾಳೆ ಬಾ, ನಾಳೆ ಬಾ ಅಂದ ಹಾಗೆ ಸರಿ.
ಹಿಂದಿನಿಂದ ಅಂಗಿ ಎಳೆಯುವವರು ಲೆಕ್ಕ ಇಟ್ಟುಕೊಳ್ಳಿ:
ಆರನೇ ತಪ್ಪಿಗೆ ಗೋಡೆ ಕಟ್ಟಲು ಬಿಡುವುದಿಲ್ಲ.
ಹತ್ತು ಮೀಟರು, ಒದೆಯುವವನೊಬ್ಬ, ನಮ್ಮ ಬಡಪಾಯಿ ಕೀಪರ್ ಒಬ್ಬ."

ಸೀಟಿ. ನುಗ್ಗು. ಅವಳೇ ಚೆಂಡನ್ನು ಅವರ ಬೆನ್ನ ಹಿಂದೆ ಎಸೆಯುತ್ತಾಳೆ.
ತಿರುಗು. ಓಡು. ಮತ್ತೆ.
ಹದಿನೇಳನೇ ಸಲಕ್ಕೆ ಎವರಿಸ್ತು ಬಕೆಟ್ಟು ಹುಡುಕಿಕೊಂಡು ಹೋದ.

ಕ್ಯಾಂಟೀನಿನ ಗೋಡೆಯಲ್ಲಿ ಒಂದು ಫೋಟೊ ಇದೆ,
ಇಪ್ಪತ್ತಾರು ವರ್ಷ ಹಳೆಯದು, ಇದೇ ನೆಲ.
ಏಳನೇ ನಂಬರಿನ ಹುಡುಗಿ ತಲೆ ಮೇಲೆ ಕೈ ಹೊತ್ತು ನಿಂತಿದ್ದಾಳೆ.
ಹಿಂದೆ, ಮಸುಕಾಗಿ, ಚೆಂಡು.
ಇನ್ನೂ ಗೋಲು ತಲುಪಿಲ್ಲ.
ಝುಲ್ಮೀರಾ ದಿನವೂ ಅದರ ಕೆಳಗೇ ಕಾಫಿ ಕುಡಿಯುತ್ತಾಳೆ.

ಶನಿವಾರ ತವೀರದ ತಂಡ. ಎರಡು ಎರಡು.
ಗಡಿಯಾರದ ಮೇಜಿನಲ್ಲಿ ನಾನಿದ್ದೆ: ಉಳಿದದ್ದು ಒಂದು ನಿಮಿಷ, ನಲವತ್ತು ಸೆಕೆಂಡು.
ಮತ್ತೆ ಅದೇ ಸಂದಿ, ಅದೇ ಕಾಗದ.
ತೆಲ್ಮೊನ ಕೈ ಎದೆಯವರೆಗೆ ಏರಿತು, ಕಂಡೆ,
ಅಲ್ಲಿಂದ ಇಳಿಯಿತು.
ತಿರುಗಿದ. ಚೆಂಡಿನತ್ತ ಕಣ್ಣೂ ಹಾಯಿಸದೆ
ಕಂಬವೊಂದನ್ನೇ ನೋಡುತ್ತ ಓಡಿದ,
ಒಲೆಯ ಮೇಲೆ ಹಾಲಿಟ್ಟು ಮರೆತವನ ಹಾಗೆ.
ಐರೆಸ್ ಸರಿಯುತ್ತಿದ್ದ, ನಾಳೆ ಬಾ, ನಾಳೆ ಬಾ.
ಪಾಸು ಅಡ್ಡ ಬಂತು. ತೆಲ್ಮೊ ಕಾಲು ಚಾಚಿದ.
ಬೂಟಿನ ತುದಿಗೆ ಸವರಿಕೊಂಡು
ಚೆಂಡು ಒಳಗೇ ಹೋಯಿತು.

ಝುಲ್ಮೀರಾ ನೋಟ್‌ಬುಕ್ಕಿನಲ್ಲಿ ಬರೆದಳು:
"ತೆಲ್ಮೊ. ಇದ್ದ."

ಆಮೇಲೆ ಕ್ಯಾಂಟೀನಿನಲ್ಲಿ, ಆ ಫೋಟೊದ ಕೆಳಗೆ,
ಅವನು ಕೇಳಿದ, ಇದ್ದು ಏನಾಯಿತು?
ಅವಳು ಕಿತ್ತಳೆ ಸುಲಿಯುತ್ತಿದ್ದಳು. ಅರ್ಧ ಅವನ ಮುಂದಿಟ್ಟಳು.
"ಅರ್ಧ ಹೆಜ್ಜೆ ಬಾಕಿ.
ಮಂಗಳವಾರ ಬೇಗ ಬಾ, ಪುಡಿ ಒರೆಸುವುದಿದೆ."